ಮನೆ ರೂಲ್ಸ್‌ನಿಂದಲೇ ಬೆಳೆದ ಆಟ: ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಕತೆ

ಇವತ್ತು ಒಂದು ಆಟದ ಇತಿಹಾಸ ಹೇಳ್ತೀನಿ. ಅದಕ್ಕೂ ಮುಂಚೆ ನಾನೇ ಮಾಡಿದ ಒಂದು ತಪ್ಪಿನ ವಿಷಯ ಹೇಳಿಬಿಡ್ತೀನಿ. ಈ ಸಂಚಿಕೆ ಹುಟ್ಟಿದ್ದೇ ಅದರಿಂದ.

ಬೆಂಗಳೂರಲ್ಲಿ ನಾವು ಐದು ಜನ ಫ್ರೆಂಡ್ಸ್ ಭಾನುವಾರ ಸಂಜೆ ಸೇರಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡ್ತೀವಿ. 'ಸ್ಟ್ರೇಂಜರ್ ಥಿಂಗ್ಸ್' ನೋಡಿದ್ರೆ ಗೊತ್ತಿರುತ್ತೆ, ಹುಡುಗರು ಬೇಸ್‌ಮೆಂಟ್‌ನಲ್ಲಿ ಕೂತು ಆಡ್ತಾರಲ್ಲ, ಅದೇ. ಒಬ್ಬ ಕತೆ ನಡೆಸ್ತಾನೆ, ಅವನು ಡಂಜನ್ ಮಾಸ್ಟರ್, ಶಾರ್ಟ್ ಆಗಿ ಡಿಎಮ್. ಉಳಿದವರು ಒಬ್ಬೊಬ್ಬ ಪಾತ್ರಧಾರಿ. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಹೀಗೆ. ಏಟು ಬಿತ್ತೋ ಇಲ್ವೋ ಅನ್ನೋದನ್ನ 20 ಮುಖದ ದಾಳ ಹೇಳುತ್ತೆ.

ನಮ್ಮ ಟೇಬಲ್‌ಗೆ ನಾನೇ ಡಿಎಮ್. ಮಜಾ ಇರಲಿ ಅಂತ ಒಂದು ರೂಲ್ ತಂದೆ: ಏಟು ಹಾಕುವಾಗ ದಾಳದಲ್ಲಿ 1 ಬಿದ್ರೆ ಕೈಯಲ್ಲಿರೋ ಆಯುಧ ಜಾರಿ ಕೆಳಗೆ ಬೀಳುತ್ತೆ. ಮೊದಲೆರಡು ವಾರ ಎಲ್ಲರೂ ನಕ್ಕರು. ಆಮೇಲೆ ಯೋಧನ ಪಾತ್ರ ಮಾಡ್ತಿದ್ದ ಫ್ರೆಂಡ್ ಬರೋದೇ ನಿಲ್ಲಿಸಿದ. ಕೆಲಸ ಜಾಸ್ತಿ ಅಂತ ಮೆಸೇಜ್ ಹಾಕಿದ. ನಾನೂ ನಂಬಿದೆ. ಒಂದು ತಿಂಗಳಾದ ಮೇಲೆ ಇನ್ನೊಬ್ಬ ಹೇಳಿದ, "ಮಗಾ, ಅವನಿಗೆ ಕೆಲಸ ಏನೂ ಜಾಸ್ತಿ ಇಲ್ಲ. ವಾರವೆಲ್ಲಾ ಆಫೀಸಲ್ಲಿ ಬೈಸಿಕೊಂಡು ಇಲ್ಲಿಗೆ ಬಂದ್ರೆ, ಇಲ್ಲೂ ಜೋಕರ್ ಆಗಬೇಕಾ ಅಂತ ಕೇಳ್ತಿದ್ದ."

ಲೆಕ್ಕ ಹಾಕಿ ನೋಡಿದೆ. ಈ ಆಟದಲ್ಲಿ ಯೋಧ 5ನೇ ಲೆವೆಲ್‌ಗೆ ಬಂದ್ರೆ ಒಂದೇ ಸರದಿಯಲ್ಲಿ ಎರಡು ಏಟು ಹಾಕಬಹುದು. ಅಂದ್ರೆ ಎರಡು ದಾಳ. ಒಂದು ದಾಳದಲ್ಲಿ 1 ಬೀಳೋ ಸಾಧ್ಯತೆ ಶೇ 5. ಎರಡರಲ್ಲಿ ಒಂದಾದ್ರೂ 1 ಆಗೋದು ಹೆಚ್ಚುಕಮ್ಮಿ ಶೇ 10. ಅವನು ಬಲಶಾಲಿ ಆದಷ್ಟೂ ಕತ್ತಿ ಜಾಸ್ತಿ ಸಲ ಬೀಳ್ತಿತ್ತು! ಮಾಂತ್ರಿಕನ ಎಷ್ಟೋ ಮಂತ್ರಗಳಿಗೆ ಅವನು ದಾಳ ಉರುಳಿಸೋದೇ ಇಲ್ಲ, ಎದುರಾಳಿ ತಪ್ಪಿಸಿಕೊಳ್ಳೋಕೆ ಉರುಳಿಸ್ತಾನೆ. ಆದ್ದರಿಂದ ನನ್ನ ತಮಾಷೆ ರೂಲ್‌ನ ಬಿಲ್ಲನ್ನ ಒಬ್ಬನೇ ಕಟ್ತಿದ್ದ.

ಈ ಥರ ಟೇಬಲ್‌ನವರೇ ಮಾಡಿಕೊಳ್ಳೋ ನಿಯಮಕ್ಕೆ ಹೌಸ್ ರೂಲ್ಸ್ ಅಂತಾರೆ. ನಮಗೆ ಇದೇನೂ ಹೊಸದಲ್ಲ. ಗಲ್ಲಿ ಕ್ರಿಕೆಟ್‌ನಲ್ಲಿ ಕಾಂಪೌಂಡ್ ಒಳಗೆ ಬಾಲ್ ಹೋದ್ರೆ ಔಟ್ ಅನ್ನೋದೂ ಅದೇ. ಆದ್ರೆ ಕ್ರಿಕೆಟ್‌ಗೆ ಮೊದಲು ಪುಸ್ತಕದ ರೂಲ್ಸ್ ಇದ್ದವು, ಗಲ್ಲಿಯವರು ಆಮೇಲೆ ಬದಲಾಯಿಸಿಕೊಂಡರು. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಕತೆ ಉಲ್ಟಾ. ಇಲ್ಲಿ ಗಲ್ಲಿಯೇ ಮೊದಲು, ಪುಸ್ತಕ ಆಮೇಲೆ.

1969ಕ್ಕೆ ಹೋಗೋಣ. ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರ. ಅಲ್ಲಿ ವಾರ್‌ಗೇಮ್ ಆಡುವ ಒಂದು ಗುಂಪು ಇತ್ತು. ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನ ಇಟ್ಟು ಹಳೇ ಯುದ್ಧಗಳನ್ನ ಆಡೋದು. ಇಂಥ ಆಟದಲ್ಲಿ ತೀರ್ಪು ಕೊಡೋಕೆ ಒಬ್ಬ ಅಂಪೈರ್ ಇರುವ ಪದ್ಧತಿ ತುಂಬಾ ಹಳೆಯದು, 19ನೇ ಶತಮಾನದಲ್ಲಿ ಪ್ರಷ್ಯಾದ ಸೇನಾಧಿಕಾರಿಗಳ ತರಬೇತಿ ಆಟದಲ್ಲೇ ಇತ್ತು. ಮಿನೆಸೋಟದ ಡೇವಿಡ್ ವೆಸ್ಲಿ ಅನ್ನೋರು ಅದಕ್ಕೆ ಒಂದು ಹೊಸ ತಿರುವು ಕೊಟ್ಟರು. ನೆಪೋಲಿಯನ್ ಕಾಲದ ಬ್ರೌನ್‌ಸ್ಟೈನ್ ಅನ್ನೋ ಕಾಲ್ಪನಿಕ ಊರು. ಆಟಗಾರರಿಗೆ ಸೈನ್ಯದ ಬದಲು ಒಬ್ಬೊಬ್ಬ ಮನುಷ್ಯನ ಪಾತ್ರ. ಒಬ್ಬರು ಮೇಯರ್, ಒಬ್ಬರು ಬ್ಯಾಂಕರ್. ಯುದ್ಧ ಶುರುವಾಗೋ ಮುಂಚೆಯೇ ಎಲ್ಲರೂ ತಮ್ಮ ತಮ್ಮ ಸಂಚು ಶುರು ಮಾಡಿ, ಪೂರ್ತಿ ಗೊಂದಲ. ಆಟ ಫ್ಲಾಪ್ ಆಯ್ತು ಅಂತ ವೆಸ್ಲಿ ಅಂದುಕೊಂಡರು. ಆಡಿದವರು ಮಾತ್ರ ಇನ್ನೊಂದು ಸಲ ಆಡಿಸಿ ಅಂತ ಕೇಳಿದರು.

ಹಾಗೆ ಆಡಿದವರಲ್ಲಿ ಒಬ್ಬರು ಡೇವ್ ಆರ್ನೆಸನ್. 1971ರ ಹೊತ್ತಿಗೆ ಅವರು ಬ್ಲ್ಯಾಕ್‌ಮೂರ್ ಅನ್ನೋ ಮಾಂತ್ರಿಕ ಲೋಕ ಕಟ್ಟಿ, ಕೋಟೆ, ನೆಲಮಾಳಿಗೆ, ರಾಕ್ಷಸರನ್ನೆಲ್ಲ ತಂದರು. ಕಾಳಗಕ್ಕೆ 'ಚೈನ್‌ಮೇಲ್' ಅನ್ನೋ ಪುಸ್ತಕದ ರೂಲ್ಸ್ ಬಳಸಿ ನೋಡಿದರು. ಅದನ್ನ ಬರೆದವರು ವಿಸ್ಕಾನ್ಸಿನ್‌ನ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್. ಅದರಲ್ಲಿ ಒಂದು ಸಮಸ್ಯೆ ಇತ್ತು. ಸಾಮಾನ್ಯ ಸೈನಿಕನಿಗೆ ಒಂದು ಏಟು ತಗುಲಿತು ಅಂದ್ರೆ ಸತ್ತ, ಅಷ್ಟೇ. ನೂರು ಗೊಂಬೆಗಳಲ್ಲಿ ಒಂದು ಹೋದ್ರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆದ್ರೆ ವಾರಗಟ್ಟಲೆ ಆಡಿ ಬೆಳೆಸಿದ ಪಾತ್ರ ಒಂದೇ ಏಟಿಗೆ ಹೋದ್ರೆ? ಆಟಗಾರರಿಗೆ ಬೇಜಾರಾಯ್ತು. ಆಗ ಆರ್ನೆಸನ್ ತಮ್ಮ ಹಡಗು ಯುದ್ಧದ ಆಟದಿಂದ ಒಂದು ಐಡಿಯಾ ಎತ್ತಿಕೊಂಡರು. ಹಡಗು ಒಂದೇ ಗುಂಡಿಗೆ ಮುಳುಗಲ್ಲ, ಇಷ್ಟಿಷ್ಟೇ ಹಾನಿ ತಡೆದುಕೊಳ್ಳುತ್ತೆ. ಮನುಷ್ಯನಿಗೂ ಹಾಗೇ ಅಂಕ ಕೊಟ್ಟರೆ?

ಅದೇ ಹಿಟ್ ಪಾಯಿಂಟ್ಸ್. ನಿಮ್ಮ ಮೊಬೈಲ್ ಗೇಮ್‌ನಲ್ಲಿ ಪಾತ್ರದ ತಲೆ ಮೇಲೆ ಒಂದು ಹೆಲ್ತ್ ಬಾರ್ ಇರುತ್ತಲ್ಲ, ಅದರ ವಂಶವೃಕ್ಷ ಹುಡುಕಿಕೊಂಡು ಹೋದ್ರೆ ಈ ಮೇಜಿಗೂ ಬಂದು ಮುಟ್ಟುತ್ತೀರಿ. ಬೇಜಾರಾದ ಫ್ರೆಂಡ್ಸ್‌ಗೋಸ್ಕರ ಮಾಡಿದ ಒಂದು ಹೌಸ್ ರೂಲ್.

ಗೈಗ್ಯಾಕ್ಸ್ ಮತ್ತು ಆರ್ನೆಸನ್ ಸೇರಿ ಇದನ್ನೆಲ್ಲ ಬರವಣಿಗೆಗೆ ಇಳಿಸಿದರು. 1974ರ ಜನವರಿಯಲ್ಲಿ ಒಂದು ಪೆಟ್ಟಿಗೆಯಲ್ಲಿ ಮೂರು ತೆಳು ಪುಸ್ತಕ, ಬೆಲೆ 10 ಡಾಲರ್, ಮೊದಲ ಮುದ್ರಣ 1000 ಪ್ರತಿ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಅಂಗಡಿಗೆ ಬಂತು. ಪ್ರಕಟಿಸಿದ್ದು ಗೈಗ್ಯಾಕ್ಸ್ ಮತ್ತು ಗೆಳೆಯರ ಪುಟ್ಟ ಕಂಪನಿ ಟಿಎಸ್ಆರ್. ಪುಸ್ತಕಗಳಲ್ಲಿ ಸಿಕ್ಕಾಪಟ್ಟೆ ಗ್ಯಾಪ್ ಇದ್ದವು. 'ಚೈನ್‌ಮೇಲ್' ನಿಮ್ಮ ಹತ್ರ ಇದೆ ಅಂತಲೇ ಅಂದುಕೊಂಡು ಬರೆದಿದ್ದರು. ಕೊನೆಯಲ್ಲಿ ಓದುಗರಿಗೆ ಹೇಳಿದ್ದೂ ಅದೇ ಧಾಟಿಯಲ್ಲಿ: ಉಳಿದದ್ದನ್ನ ನೀವೇ ಕಲ್ಪಿಸಿಕೊಳ್ಳಿ, ನಿಮಗೆ ಬೇಕಾದಂತೆ ಮಾಡಿಕೊಳ್ಳಿ.

ಜನ ಹಾಗೇ ಮಾಡಿದರು. ಮೂಲ ಪೆಟ್ಟಿಗೆಯಲ್ಲಿ ಇದ್ದಿದ್ದು ಯೋಧ, ಮಾಂತ್ರಿಕ, ಪುರೋಹಿತ, ಮೂರೇ ವರ್ಗ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಒಂದು ಆಟದ ಅಂಗಡಿಯಲ್ಲಿ ಸೇರುತ್ತಿದ್ದವರು ಬೀಗ ತೆಗೆಯೋ ಕಳ್ಳನ ಪಾತ್ರವನ್ನ ಸೇರಿಸಿಕೊಂಡು ಆಡುತ್ತಿದ್ದರು. ಅದನ್ನ ಫೋನ್‌ನಲ್ಲಿ ಗೈಗ್ಯಾಕ್ಸ್‌ಗೂ ಹೇಳಿದರು. 1975ರ 'ಗ್ರೇಹಾಕ್' ಪುಸ್ತಕದಲ್ಲಿ ಕಳ್ಳ ಅಧಿಕೃತ ವರ್ಗವಾದ. ಅದೇ ವರ್ಷ ಅರಿಜೋನಾದ ಫೀನಿಕ್ಸ್‌ನಲ್ಲಿ ಕೆನ್ ಸೇಂಟ್ ಆಂಡ್ರೆ, ಈ ರೂಲ್ಸ್ ಜಟಿಲ, ಬಹುಮುಖದ ದಾಳಗಳೂ ಸುಲಭಕ್ಕೆ ಸಿಗಲ್ಲ ಅಂತ, ಮಾಮೂಲಿ ಆರು ಮುಖದ ದಾಳ ಸಾಕಾಗೋ 'ಟನಲ್ಸ್ ಆಂಡ್ ಟ್ರೋಲ್ಸ್' ಬರೆದರು. ಲಾಸ್ ಏಂಜಲೀಸ್‌ನಲ್ಲಿ ಲೀ ಗೋಲ್ಡ್ ಅನ್ನೋ ಮಹಿಳೆ 'ಅಲಾರಮ್ಸ್ ಆಂಡ್ ಎಕ್ಸ್‌ಕರ್ಶನ್ಸ್' ಶುರು ಮಾಡಿದರು. ಆಟಗಾರರು ತಮ್ಮ ರೂಲ್ಸ್, ಜಗಳ, ಅನುಭವ ಎಲ್ಲ ಬರೆದು ಕಳಿಸೋದು, ಅವರು ಒಟ್ಟು ಮಾಡಿ ಅಂಚೆಯಲ್ಲಿ ಎಲ್ಲರಿಗೂ ಹಂಚೋದು. ಇಂಟರ್ನೆಟ್ ಇಲ್ಲದ ಕಾಲದ ವಾಟ್ಸ್ಆ್ಯಪ್ ಗ್ರೂಪ್ ಅಂದುಕೊಳ್ಳಿ.

ಆಮೇಲೆ ಬಂತು ನೋಡಿ ಟ್ವಿಸ್ಟ್. 1977ರಿಂದ 1979ರ ನಡುವೆ ಗೈಗ್ಯಾಕ್ಸ್ 'ಅಡ್ವಾನ್ಸ್ಡ್' ಅನ್ನೋ ಹೊಸ ಆವೃತ್ತಿಯ ಮೂರು ದಪ್ಪ ಪುಸ್ತಕ ತಂದರು. ಈಗ ಅವರ ಧಾಟಿಯೇ ಬೇರೆ. ಎಲ್ಲಾ ಟೇಬಲ್‌ಗೂ ಒಂದೇ ರೂಲ್ ಇರಬೇಕು, ಮನಬಂದಂತೆ ತಿದ್ದಿದರೆ ಅದು ಈ ಆಟವೇ ಅಲ್ಲ! ಇದಕ್ಕೆ ಕಾರಣವೂ ಇತ್ತು. ಟೂರ್ನಮೆಂಟ್ ನಡೆಸೋಕೆ ಒಂದೇ ರೂಲ್ ಬೇಕು. ಜತೆಗೆ ದುಡ್ಡಿನ ವಿಷಯ. ಇದು ಬೇರೆಯೇ ಆಟ, ಆದ್ದರಿಂದ ಆರ್ನೆಸನ್‌ಗೆ ರಾಯಲ್ಟಿ ಇಲ್ಲ ಅಂತ ಕಂಪನಿ ವಾದ ಮಾಡ್ತು. 1979ರಲ್ಲಿ ಆರ್ನೆಸನ್ ಕೋರ್ಟ್‌ಗೆ ಹೋದರು, 1981ರಲ್ಲಿ ರಾಜಿ ಆಯ್ತು. ತಮಾಷೆ ಅಂದ್ರೆ, ತಾವೇ ಬರೆದ ಕೆಲವು ರೂಲ್ಸ್‌ನ ತಮ್ಮ ಸ್ವಂತ ಟೇಬಲ್‌ನಲ್ಲಿ ಬಳಸ್ತಿರಲಿಲ್ಲ ಅಂತ ಗೈಗ್ಯಾಕ್ಸ್ ಆಮೇಲೆ ಒಪ್ಪಿಕೊಂಡರು.

ಆದ್ರೆ ಗೈಗ್ಯಾಕ್ಸ್ ಹೇಳಿದ್ದೆಲ್ಲಾ ಬರೀ ದರ್ಪ ಅಲ್ಲ. ದಾಳದಲ್ಲಿ 20 ಬಿದ್ರೆ ಡಬಲ್ ಹಾನಿ ಅನ್ನೋ ಐಡಿಯಾ ತಗೊಳ್ಳಿ. ಅದೇ ಕಂಪನಿಯ 1975ರ 'ಎಂಪೈರ್ ಆಫ್ ದ ಪೆಟಲ್ ಥ್ರೋನ್' ಆಟದಲ್ಲೇ ಇದು ಇತ್ತು. ಊರೆಲ್ಲಾ ಹೌಸ್ ರೂಲ್ ಆಗಿ ಹಬ್ಬಿತು. 1979ರ ಡಿಎಮ್ ಪುಸ್ತಕದಲ್ಲಿ ಗೈಗ್ಯಾಕ್ಸ್ ಇದನ್ನ ಕಟುವಾಗಿ ವಿರೋಧಿಸಿದರು. ನ್ಯಾಯವಾಗಿ ಇದು ರಾಕ್ಷಸರಿಗೂ ಸಿಗಬೇಕು, ಆಗ ಆಟಗಾರರ ಪಾತ್ರಗಳು ಹೆಚ್ಚು ದಿನ ಬದುಕಲ್ಲ ಅನ್ನೋದು ಅವರ ವಾದ. ಲೆಕ್ಕ ನೋಡಿ. ರಾಕ್ಷಸ ಒಂದು ಕಾಳಗಕ್ಕೆ ಬಂದು ಹೋಗ್ತಾನೆ. ನಿಮ್ಮ ಪಾತ್ರ ಎಲ್ಲಾ ಕಾಳಗದಲ್ಲೂ ಇರುತ್ತೆ. ಒಂದು ಸಂಜೆ ನಿಮ್ಮ ಮೇಲೆ 20 ಸಲ ದಾಳಿ ಆದ್ರೆ, ಒಂದಾದ್ರೂ 20 ಬೀಳೋ ಸಾಧ್ಯತೆ ಸುಮಾರು ಶೇ 64.

ಇದನ್ನ ಓದಿದಾಗ ನನಗೆ ನನ್ನ ಕತ್ತಿ ಬೀಳಿಸೋ ರೂಲ್ ನೆನಪಾಯ್ತು. ಅದೇ ತಪ್ಪು. ಒಂದು ದಾಳದ ಮಜಾ ನೋಡಿದ್ದೆ, ನೂರು ದಾಳ ಉರುಳಿದ ಮೇಲೆ ಯಾರಿಗೆ ನಷ್ಟ ಅಂತ ನೋಡಿರಲಿಲ್ಲ.

ಕೊನೆಗೆ ಯಾರು ಗೆದ್ದರು? ಜನರೇ ಅನ್ನಬೇಕು. 2000ದ ಮೂರನೇ ಆವೃತ್ತಿಯಲ್ಲಿ ಈ ಕ್ರಿಟಿಕಲ್ ಹಿಟ್ ಮೂಲ ರೂಲ್ ಆಗಿಯೇ ಬಂತು, ಈಗಲೂ ಇದೆ. ಇನ್ನೊಂದು ಉದಾಹರಣೆ ತೀರಾ ಇತ್ತೀಚಿನದು. 2014ರ ಆವೃತ್ತಿಯಲ್ಲಿ ಗಾಯ ವಾಸಿ ಮಾಡೋ ಔಷಧ ಕುಡಿದ್ರೆ ನಿಮ್ಮ ಸರದಿಯ ಮುಖ್ಯ ಕೆಲಸ ಅಲ್ಲಿಗೇ ಮುಗೀತು. ಕುಡಿದು ಸುಮ್ಮನೆ ಕೂರಬೇಕಾ ಅಂತ ಎಷ್ಟೋ ಟೇಬಲ್‌ಗಳು ಅದನ್ನ ಸಣ್ಣ ಕೆಲಸ, ಅಂದ್ರೆ ಬೋನಸ್ ಆ್ಯಕ್ಷನ್ ಮಾಡಿಕೊಂಡವು. 2024ರ ಪುಸ್ತಕದಲ್ಲಿ ಅದೇ ಅಧಿಕೃತ ರೂಲ್.

ಈ ಇತಿಹಾಸದಿಂದ ನಾನು ಕಲಿತದ್ದು ಇಷ್ಟು. ಉಳಿದುಕೊಂಡ ಹೌಸ್ ರೂಲ್ಸ್ ನೋಡಿದ್ರೆ, ಟೇಬಲ್‌ನಲ್ಲಿ ಯಾರಿಗೋ ಆದ ಬೇಜಾರಿಗೆ ಉತ್ತರವಾಗಿ ಬಂದಿವೆ. ನನ್ನ ರೂಲ್‌ನಿಂದ ಯಾರ ಬೇಜಾರೂ ಹೋಗಲಿಲ್ಲ, ಒಂದು ಹೊಸ ಬೇಜಾರು ಹುಟ್ಟಿತು. ಅದಕ್ಕೆ ಈಗ ಹೊಸ ರೂಲ್ ತರೋ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ತೀನಿ. ಇದು ಯಾರ ಕಷ್ಟ ಕಮ್ಮಿ ಮಾಡುತ್ತೆ? ತುಂಬಾ ಸಲ ಆಡಿದ ಮೇಲೆ ಇದರ ಬೆಲೆ ಯಾರು ಕಟ್ತಾರೆ? ಕಟ್ಟೋ ಆ ಮನುಷ್ಯನೇ ಒಪ್ಪಿದ್ದಾನಾ? ಒಪ್ಪಿದ್ರೂ ಮೂರು ವಾರ ಟ್ರಯಲ್ ಅಷ್ಟೇ. ಆಮೇಲೆ ಯಾರೇ ಒಬ್ಬರು ಬೇಡ ಅಂದ್ರೂ ತೆಗೆದುಬಿಡೋದು.

ಫ್ರೆಂಡ್‌ಗೆ ಫೋನ್ ಮಾಡಿ ಸಾರಿ ಕೇಳಿದೆ. "ನೋಡೋಣ ಮಗಾ" ಅಂದ. ಎರಡು ಭಾನುವಾರ ಬರಲಿಲ್ಲ. ಮೂರನೇ ಭಾನುವಾರ ಚುರುಮುರಿ ಕಟ್ಟಿಸಿಕೊಂಡು ಬಂದು ಕೂತ. ಮೊದಲನೇ ಏಟಿಗೇ ದಾಳದಲ್ಲಿ 1 ಬಿತ್ತು. ಎಲ್ಲರೂ ನನ್ನ ಮುಖ ನೋಡಿದರು. "ಏಟು ತಪ್ಪಿತು, ಎರಡನೇದು ಹಾಕು" ಅಂದೆ. ಹಾಕಿದ.

ನಿಮ್ಮ ಟೇಬಲ್‌ನಲ್ಲೋ ಗಲ್ಲಿಯಲ್ಲೋ ಇರೋ ವಿಚಿತ್ರ ರೂಲ್ ಯಾವುದು, ಅದು ಯಾರಿಗೋಸ್ಕರ ಬಂತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.