ಬೊಜ್ಜಿದ್ದರೆ ಫ್ಲೂ, ಕೋವಿಡ್ ಯಾಕೆ ಜೋರಾಗುತ್ತೆ?

2021ರ ಮಾರ್ಚ್ 1ರಿಂದ 45–59 ವಯಸ್ಸಿನವರಲ್ಲಿ ಕಾಯಿಲೆ ಇದ್ದವರಿಗೆ ಕೋವಿಡ್ ಲಸಿಕೆ ಕೊಡೋಕೆ ಶುರುವಾಯ್ತು. ಯಾರು ಅರ್ಹರು ಅನ್ನೋದಕ್ಕೆ ಕೇಂದ್ರ ಸರ್ಕಾರ 20 ಸಮಸ್ಯೆಗಳ ಪಟ್ಟಿ ಕೊಟ್ಟಿತ್ತು. ಅದರಲ್ಲಿ ಬೊಜ್ಜು ಇರಲಿಲ್ಲ. ಆದರೆ ಬ್ರಿಟನ್ ಬಿಎಂಐ 40 ದಾಟಿದವರನ್ನು ಆದ್ಯತಾ ಗುಂಪಿಗೆ ಸೇರಿಸಿತ್ತು.

ಇದು ಕೋವಿಡ್ ಕಾಲದ ಹೊಸ ಶೋಧವೇನಲ್ಲ. 2009ರ ಎಚ್1ಎನ್1 ಹಾವಳಿಯಲ್ಲಿ ಕ್ಯಾಲಿಫೋರ್ನಿಯಾದ ಆಸ್ಪತ್ರೆ ಸೇರಿದ ವಯಸ್ಕರಲ್ಲಿ, ತೂಕ-ಎತ್ತರದ ದಾಖಲೆ ಇದ್ದವರ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ಬೊಜ್ಜಿತ್ತು.

ದೇಹದೊಳಗೆ ಏನಾಗುತ್ತೆ?

ಮೊದಲನೆಯದು ಶುದ್ಧ ಮೆಕ್ಯಾನಿಕ್ಸ್. ಹೊಟ್ಟೆಯ ಕೊಬ್ಬು ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯುವನ್ನು, ಅಂದರೆ ವಪೆಯನ್ನು, ಮೇಲಕ್ಕೆ ಒತ್ತುತ್ತೆ. ಮಲಗಿದಾಗ ಇನ್ನೂ ಜಾಸ್ತಿ. ಶ್ವಾಸಕೋಶದ ಕೆಳಭಾಗಕ್ಕೆ ಗಾಳಿ ಸರಿಯಾಗಿ ಹೋಗಲ್ಲ. ನ್ಯುಮೋನಿಯಾ ಬಂದಾಗ ಆಸರೆಗೆ ಉಳಿದಿರೋ ಸಾಮರ್ಥ್ಯವೇ ಕಮ್ಮಿ.

ಎರಡನೆಯದು ರೋಗನಿರೋಧಕ ವ್ಯವಸ್ಥೆ. ಕೊಬ್ಬಿನ ಅಂಗಾಂಶ ಬರೀ ಗೋದಾಮಲ್ಲ. ಉರಿಯೂತದ ರಾಸಾಯನಿಕಗಳನ್ನು ಸದಾ ಸ್ವಲ್ಪ ಸ್ವಲ್ಪ ಬಿಡುತ್ತಿರುತ್ತೆ. ವೈರಸ್ಸನ್ನು ಆರಂಭದಲ್ಲೇ ತಡೆಯಬೇಕಾದ ಇಂಟರ್‌ಫೆರಾನ್ ಪ್ರತಿಕ್ರಿಯೆ ದುರ್ಬಲವಾಗಬಹುದು, ಆಮೇಲೆ ಉರಿಯೂತ ಮಿತಿಮೀರಬಹುದು.

ಇದರ ಜೊತೆಗೆ ಸಕ್ಕರೆ ಕಾಯಿಲೆ, ಬಿಪಿ, ರಕ್ತ ಹೆಪ್ಪುಗಟ್ಟುವ ಅಪಾಯ. ಆದರೆ ಇವನ್ನೆಲ್ಲ ಲೆಕ್ಕದಿಂದ ತೆಗೆದರೂ ಬೊಜ್ಜಿನದೇ ಆದ ಅಪಾಯ ಉಳಿಯುತ್ತೆ ಅಂತ ಕೋವಿಡ್ ಅಧ್ಯಯನಗಳು ತೋರಿಸಿವೆ. ಇಂಗ್ಲೆಂಡಿನ ದೊಡ್ಡ ಅಧ್ಯಯನವೊಂದರಲ್ಲಿ ಈ ಸಂಬಂಧ ವಯಸ್ಸಾದವರಿಗಿಂತ 40ರ ಒಳಗಿನವರಲ್ಲೇ ಹೆಚ್ಚು ಬಲವಾಗಿ ಕಂಡಿತ್ತು. ‘ನಾನಿನ್ನೂ ಯಂಗ್’ ಅನ್ನೋ ಧೈರ್ಯ ಇಲ್ಲಿ ಪೂರ್ತಿ ಕೆಲಸ ಮಾಡಲ್ಲ.

ನಮ್ಮ ಅಳತೆಗೋಲು ಬೇರೆ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬಿಎಂಐ 30 ದಾಟಿದರೆ ಬೊಜ್ಜು. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಕೊಬ್ಬು ಸೇರುವುದರಿಂದ ಇಲ್ಲಿನ ತಜ್ಞರು 25ನ್ನೇ ಗಡಿಯಾಗಿ ಇಟ್ಟುಕೊಂಡಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ (2019–21) ದೇಶದ 24% ಮಹಿಳೆಯರು, 22.9% ಪುರುಷರು ಈ ಗಡಿ ಮುಟ್ಟಿದ್ದಾರೆ. ಕರ್ನಾಟಕದಲ್ಲಿ ಇದು ಇಬ್ಬರಲ್ಲೂ ಸುಮಾರು 30%.

ಬೊಜ್ಜಿರುವ ಎಲ್ಲರಿಗೂ ಸೋಂಕು ಉಲ್ಬಣಿಸುತ್ತೆ ಅಂತೇನಿಲ್ಲ. ಆದರೂ ಜ್ವರದ ಜೊತೆ ಉಸಿರಾಟ ಕಷ್ಟವಾದರೆ ಕಾಯಬಾರದು. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ತಗೊಳ್ಳೋ ಬಗ್ಗೆ ವೈದ್ಯರನ್ನು ಕೇಳಬೇಕು. ‘ತಿನ್ನೋದು ಕಮ್ಮಿ ಮಾಡು’ ಅನ್ನೋ ಬುದ್ಧಿಮಾತು ನಮ್ಮಲ್ಲಿ ಧಾರಾಳವಾಗಿ ಸಿಗುತ್ತೆ. ಮುಂದಿನ ಸಾಂಕ್ರಾಮಿಕದ ಆದ್ಯತಾ ಪಟ್ಟಿಯಲ್ಲಿ ಈ ಜನರಿಗೆ ಜಾಗ ಸಿಗುತ್ತಾ ಅಂತ ಸರ್ಕಾರವನ್ನು ಈಗಲೇ ಕೇಳಬೇಕು.