ತೆರೆಯ ಒಳಗೆ ಹೋದವನು

ವರ್ಷಕ್ಕೆ ಒಂದೇ ದಿನ, ಒಬ್ಬನೇ ಒಬ್ಬ ಮನುಷ್ಯ ಕಾಲಿಡಬಹುದಾಗಿದ್ದ ಕೋಣೆಯೊಂದನ್ನು ಕಲ್ಪಿಸಿಕೊಳ್ಳಿ. ಒಳಗೆ ದೀಪವಿಲ್ಲ, ಮೂರ್ತಿಯಿಲ್ಲ. ಮುಂದೆ ಇಳಿಬಿಟ್ಟ ತೆರೆ. ಕಿರುತೆರೆಯ ಕೆಲಸದಲ್ಲಿರುವ ನಾವು ತೆರೆಯ ಮೇಲೆ ಸದಾ ಏನನ್ನಾದರೂ ಕಾಣಿಸಲು ಹೆಣಗುವವರು. ಈ ತೆರೆ ಇದ್ದದ್ದು ಏನೂ ಕಾಣಿಸದಿರಲೆಂದೇ. ಜೆರೂಸಲೇಮಿನ ಎರಡನೆಯ ದೇವಾಲಯದ ಈ ಗರ್ಭಗುಡಿಯನ್ನು ಯೆಹೂದ್ಯರು ಅತಿಪವಿತ್ರ ಸ್ಥಾನವೆಂದು ಕರೆದರು. ಮೊದಲ ದೇವಾಲಯದಲ್ಲಿ ಅಲ್ಲಿ ಒಡಂಬಡಿಕೆಯ ಮಂಜೂಷವಿತ್ತು. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಆ ದೇವಾಲಯವನ್ನು ಸುಟ್ಟ ಮೇಲೆ ಮಂಜೂಷ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಕ್ರಿ.ಪೂ. 63ರಲ್ಲಿ ರೋಮನ್ ಸೇನಾನಿ ಪಾಂಪೆ ನಗರವನ್ನು ಗೆದ್ದು ಒಳಹೊಕ್ಕು ನೋಡಿದಾಗ ಅವನಿಗೆ ಕಂಡದ್ದು ಬರಿದಾದ ಕೋಣೆ.

ಆ ಬರಿದಾದ ಕೋಣೆಗೆ ವರ್ಷಕ್ಕೊಮ್ಮೆ ಹೋಗುತ್ತಿದ್ದವನೇ ಮಹಾಯಾಜಕ. ಅವನು ಹೋಗುತ್ತಿದ್ದುದು ತನಗಾಗಿ ಮಾತ್ರವಲ್ಲ, ಇಡೀ ಜನಾಂಗದ ಪಾಪದ ಪರವಾಗಿ. ಏಸುಕ್ರಿಸ್ತನನ್ನು ಕ್ರೈಸ್ತರು ಪಾಪಿಗಳ ಪರವಾಗಿ ದೇವರ ಮುಂದೆ ನಿಂತ ಮಹಾಯಾಜಕನೆಂದು ನಂಬುತ್ತಾರೆಂಬುದನ್ನು ನೀವು ಕೇಳಿರಬಹುದು. ಇದು ಎಂಥ ಮಾತು ಎಂಬುದು ತಿಳಿಯಬೇಕಾದರೆ ಮೊದಲು ಆ ಹುದ್ದೆಯನ್ನೂ ಅದಕ್ಕೆ ಬಂದೊದಗಿದ ಗತಿಯನ್ನೂ ತಿಳಿಯಬೇಕು.

ಪದದ ಬಗ್ಗೆ ಒಂದು ಮಾತು. ಕನ್ನಡ ಬೈಬಲಿನಲ್ಲಿ ಈ ಹುದ್ದೆಗೆ ಪೂಜಾರಿ, ಅರ್ಚಕ, ಪುರೋಹಿತ ಎಂಬ ಹೆಸರುಗಳಿಲ್ಲ. ಇರುವುದು 'ಯಾಜಕ', ಅಂದರೆ ಯಜ್ಞ ಮಾಡುವವನು. ಆಯ್ಕೆ ಸರಿಯಾಗಿದೆ ಎಂದೇ ನನ್ನ ಭಾವನೆ. ಬಲಿ, ರಕ್ತ, ಬೆಂಕಿ ಇವುಗಳಿಲ್ಲದೆ ಆ ಕೆಲಸವನ್ನು ಊಹಿಸುವುದು ಸಾಧ್ಯವಿಲ್ಲ.

ಯಾಜಕಕಾಂಡದ ಹದಿನಾರನೆಯ ಅಧ್ಯಾಯದಲ್ಲಿ ದೋಷಪರಿಹಾರದ ದಿನದ ವಿಧಿಯಿದೆ. ಬೇರೆ ದಿನಗಳಲ್ಲಿ ಮಹಾಯಾಜಕನ ಉಡುಪು ಬಹಳ ವೈಭವದ್ದು: ಚಿನ್ನದ ಎಳೆ ಸೇರಿಸಿದ ಬಟ್ಟೆ, ಅಂಚಿನಲ್ಲಿ ಚಿನ್ನದ ಗೆಜ್ಜೆ, ಎದೆಯ ಮೇಲೆ ಹನ್ನೆರಡು ರತ್ನಗಳ ಪದಕ. ಒಂದೊಂದು ರತ್ನದ ಮೇಲೂ ಇಸ್ರಾಯೇಲಿನ ಒಂದೊಂದು ಕುಲದ ಹೆಸರು. ಜನರನ್ನು ಎದೆಯ ಮೇಲೆ ಹೊತ್ತು ದೇವರ ಮುಂದೆ ಹೋಗುವುದೆಂದರೆ ಅಕ್ಷರಶಃ ಹೀಗೆ. ಆದರೆ ಆ ಒಂದು ದಿನ, ಒಳಗೆ ಹೋಗುವ ಹೊತ್ತಿಗೆ, ಅವನು ಅದನ್ನೆಲ್ಲ ಕಳಚಿಟ್ಟು ಬರೀ ನಾರುಬಟ್ಟೆ ಉಡಬೇಕು. ಮೊದಲು ತನ್ನ ಮತ್ತು ತನ್ನ ಮನೆತನದ ಪಾಪಕ್ಕಾಗಿ ಒಂದು ಹೋರಿ. ಆಮೇಲೆ ಜನರಿಗಾಗಿ ಎರಡು ಹೋತಗಳು. ಚೀಟಿ ಎತ್ತಿ ಒಂದನ್ನು ಬಲಿಗೆ ಆರಿಸಬೇಕು. ಇನ್ನೊಂದರ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು ಜನರ ಅಪರಾಧಗಳನ್ನೆಲ್ಲ ಹೇಳಿ ಅದನ್ನು ಅಡವಿಗೆ ಅಟ್ಟಬೇಕು. ಧೂಪದ ಹೊಗೆಯ ಮರೆಯಲ್ಲಿ ಅವನು ತೆರೆಯೊಳಗೆ ಹೋಗಿ ರಕ್ತವನ್ನು ಚಿಮುಕಿಸಿ ಹಿಂದಿರುಗಬೇಕು.

ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಷ್ನಾ ಎಂಬ ಯೆಹೂದ್ಯ ಗ್ರಂಥದಲ್ಲಿ ಈ ದಿನದ ಸಿದ್ಧತೆಯ ವಿವರಗಳಿವೆ. ಏಳು ದಿನ ಮುಂಚೆಯೇ ಮಹಾಯಾಜಕನನ್ನು ಮನೆಯಿಂದ ದೇವಾಲಯದ ಕೋಣೆಗೆ ಕರೆತರುತ್ತಿದ್ದರು. ಅವನಿಗೇನಾದರೂ ಮೈಲಿಗೆ ತಗುಲಿದರೆಂದು ಬದಲಿ ಯಾಜಕನನ್ನೂ ಗೊತ್ತುಮಾಡುತ್ತಿದ್ದರು. ಅವನು ತನ್ನ 'ಮನೆ'ಯ ಪರವಾಗಿಯೂ ದೋಷಪರಿಹಾರ ಮಾಡಬೇಕಾದ್ದರಿಂದ, ಹೆಂಡತಿ ಅಷ್ಟರಲ್ಲಿ ತೀರಿಕೊಂಡರೆ ಗತಿಯೇನು, ಇನ್ನೊಬ್ಬಳನ್ನೂ ಗೊತ್ತುಮಾಡಿಡಿ ಎಂದು ಪಂಡಿತನೊಬ್ಬ ವಾದಿಸಿದ. ಹಾಗೆ ಹೊರಟರೆ ಅದಕ್ಕೆ ಕೊನೆಯೇ ಇರುವುದಿಲ್ಲವೆಂದು ಉಳಿದವರು ಅವನ ಬಾಯಿ ಮುಚ್ಚಿಸಿದರು. ಹಿಂದಿನ ರಾತ್ರಿ ಅವನು ನಿದ್ದೆ ಮಾಡುವಂತಿರಲಿಲ್ಲ. ತೂಕಡಿಸಿದರೆ ಕಿರಿಯ ಯಾಜಕರು ಬೆರಳು ಚಿಟಿಕೆ ಹಾಕಿ ಎಬ್ಬಿಸುತ್ತಿದ್ದರು. ಒಳಗಿನ ಕೆಲಸ ಮುಗಿದ ಮೇಲೆ ಹೊರಕೋಣೆಯಲ್ಲಿ ಅವನ ಪ್ರಾರ್ಥನೆ ಚಿಕ್ಕದಾಗಿರಬೇಕು, ಏಕೆಂದರೆ ತಡವಾದರೆ ಹೊರಗಿರುವ ಜನ ಹೆದರುತ್ತಾರೆ. ಅವನ ಕಾಲಿಗೆ ಹಗ್ಗ ಕಟ್ಟಿರುತ್ತಿದ್ದರೆಂದೂ ಒಳಗೆ ಸತ್ತರೆ ಎಳೆದುಕೊಳ್ಳುತ್ತಿದ್ದರೆಂದೂ ಉಪದೇಶಗಳಲ್ಲಿ ಆಗಾಗ ಕೇಳುತ್ತೇವೆ. ಬೈಬಲಿನಲ್ಲಾಗಲಿ ಮಿಷ್ನಾದಲ್ಲಾಗಲಿ ಆ ಹಗ್ಗವಿಲ್ಲ; ಅದು ಮಧ್ಯಯುಗದಲ್ಲಿ ಹುಟ್ಟಿದ ಕಥೆ. ಆದರೆ ಹೆದರಿಕೆ ನಿಜವಾದದ್ದು. ಸುರಕ್ಷಿತವಾಗಿ ಹೊರಬಂದದ್ದಕ್ಕೆ ಅವನು ಆ ಸಂಜೆ ಗೆಳೆಯರಿಗೆ ಔತಣ ಕೊಡುತ್ತಿದ್ದನಂತೆ.

ಇದು ವಿಧಿಯ ಚಿತ್ರ. ಇತಿಹಾಸದ ಚಿತ್ರ ಇಷ್ಟು ನಿರ್ಮಲವಾಗಿಲ್ಲ.

ಮಹಾಯಾಜಕ ಪದವಿ ಮೋಶೆಯ ಅಣ್ಣ ಆರೋನನ ವಂಶಕ್ಕೆ ಮೀಸಲಾಗಿತ್ತು, ಮತ್ತು ಅದು ಜೀವಮಾನದ ಪದವಿ. ವಂಶಾವಳಿಯನ್ನು ತೋರಿಸಲಾರದವರನ್ನು ಯಾಜಕ ವೃತ್ತಿಯಿಂದಲೇ ಹೊರಗಿಟ್ಟ ಸಂಗತಿ ಎಜ್ರ, ನೆಹೆಮೀಯ ಗ್ರಂಥಗಳಲ್ಲಿದೆ. ಆದರೆ ಕ್ರಿ.ಪೂ. 37ರಲ್ಲಿ ರೋಮನರ ಬೆಂಬಲದಿಂದ ಪಟ್ಟವೇರಿದ ಹೆರೋದ ಮಹಾಯಾಜಕರನ್ನು ತನ್ನ ಇಷ್ಟದಂತೆ ನೇಮಿಸಿದ, ಇಷ್ಟದಂತೆ ಇಳಿಸಿದ. ತನ್ನ ಹೆಂಡತಿಯ ತಮ್ಮ, ಹದಿಹರೆಯದ ಅರಿಸ್ಟೊಬ್ಯುಲಸನನ್ನು ಆ ಪದವಿಗೇರಿಸಿ, ಜನ ಅವನನ್ನು ಮೆಚ್ಚಿದ್ದನ್ನು ಕಂಡು ಯೆರಿಕೋವಿನ ಕೊಳದಲ್ಲಿ ಮುಳುಗಿಸಿ ಕೊಲ್ಲಿಸಿದ. ಹೆರೋದನ ಕಾಲದಿಂದ ದೇವಾಲಯ ನಾಶವಾಗುವವರೆಗಿನ 107 ವರ್ಷಗಳಲ್ಲಿ 28 ಮಂದಿ ಮಹಾಯಾಜಕರಾದರೆಂದು ಇತಿಹಾಸಕಾರ ಜೋಸೆಫಸ್ ಲೆಕ್ಕ ಕೊಟ್ಟಿದ್ದಾನೆ. ಭಾಗಿಸಿ ನೋಡಿ: ಜೀವಮಾನದ ಹುದ್ದೆ ತಲೆಗೆ ನಾಲ್ಕು ವರ್ಷವೂ ಬರುವುದಿಲ್ಲ.

ಅದೇ ಜೋಸೆಫಸ್ ಕೊಡುವ ಇನ್ನೊಂದು ವಿವರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಮಹಾಯಾಜಕನ ಆ ವೈಭವದ ಉಡುಪನ್ನು ದೇವಾಲಯದ ಪಕ್ಕದ ಅಂತೋನಿಯ ಕೋಟೆಯಲ್ಲಿ ರೋಮನ್ ಅಧಿಕಾರಿಗಳ ವಶದಲ್ಲಿಡಲಾಗಿತ್ತು. ಹಬ್ಬಕ್ಕೆ ಏಳು ದಿನ ಮೊದಲು ಅದನ್ನು ಹೊರಗೆ ಕೊಡುತ್ತಿದ್ದರು. ಹಬ್ಬ ಮುಗಿದ ಮೇಲೆ ಅದು ಮತ್ತೆ ಕೋಟೆಗೆ. ಜನರನ್ನು ದೇವರ ಮುಂದೆ ಹೊತ್ತು ನಿಲ್ಲಬೇಕಾದವನು ತನ್ನ ಅಂಗಿಗಾಗಿ ಪರದೇಶದ ಸೈನಿಕನ ಮುಂದೆ ನಿಲ್ಲಬೇಕಾಗಿತ್ತು!

ಏಸುವಿನ ಕಾಲದ ಮಹಾಯಾಜಕ ಕಾಯಫ. ಅವನ ಮಾವ ಅನ್ನ ಕ್ರಿ.ಶ. 6ರಿಂದ 15ರವರೆಗೆ ಪದವಿಯಲ್ಲಿದ್ದ. ಅನ್ನನ ಐವರು ಮಕ್ಕಳೂ ಒಬ್ಬರಾದ ಮೇಲೊಬ್ಬರು ಅದೇ ಪದವಿಗೆ ಬಂದರು. ಕಾಯಫ ಸುಮಾರು 18ರಿಂದ 36ರವರೆಗೆ, ಹದಿನೆಂಟು ವರ್ಷ ಉಳಿದ. ರೋಮನರೊಂದಿಗೆ ಹೇಗಿರಬೇಕೆಂದು ಅವನಿಗೆ ಗೊತ್ತಿದ್ದಿರಬೇಕು. ಇದನ್ನು ಯೆಹೂದ್ಯರ ಮೇಲಿನ ದೂರಾಗಿ ಓದಬಾರದು. ಈ ಮನೆತನಗಳ ಪಿತೂರಿ, ದಬ್ಬಾಳಿಕೆಗಳನ್ನು ಕುರಿತ ಕಟುವಾದ ಪ್ರಲಾಪ ಯೆಹೂದ್ಯರದೇ ತಾಲ್ಮುಡ್‌ನಲ್ಲಿದೆ. ಪಾಪಿಗಳ ಪರವಾಗಿ ನಿಲ್ಲಬೇಕಾದವರ ಬಗ್ಗೆ ಜನಸಾಮಾನ್ಯರಿಗಿದ್ದ ನೋವು ಅದರಲ್ಲಿ ಕೇಳಿಸುತ್ತದೆ.

ಈ ಹಿನ್ನೆಲೆಯಲ್ಲಿ ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ತೆರೆಯಿರಿ. ಬರೆದವರು ಯಾರೆಂಬುದು ಇತ್ಯರ್ಥವಾಗಿಲ್ಲ. ಪೌಲನೆಂದು ಬಹುಕಾಲ ನಂಬಿದ್ದರು. ಆದರೆ ಶೈಲಿ ಅವನದಲ್ಲ. ಮೂರನೆಯ ಶತಮಾನದಲ್ಲೇ ಒರಿಜೆನ್ ಎಂಬ ವಿದ್ವಾಂಸ, ಲೇಖಕ ಯಾರೆಂಬುದು ದೇವರೊಬ್ಬನಿಗೇ ಗೊತ್ತು ಎಂಬರ್ಥದ ಮಾತನಾಡಿ ಕೈಬಿಟ್ಟ. ಲೂಥರ್ ಅಪೊಲ್ಲೋಸನ ಹೆಸರು ಸೂಚಿಸಿದ. 1900ರಲ್ಲಿ ಜರ್ಮನ್ ವಿದ್ವಾಂಸ ಹಾರ್ನಾಕ್ ಪ್ರಿಸ್ಕಿಲ್ಲಳೆಂಬ ಮಹಿಳೆ ಇರಬಹುದೆಂದ. ಮೊದಲ ಶತಮಾನ ಮುಗಿಯುವುದರೊಳಗೆ ರೋಮ್ ನಗರದ ಕ್ರೈಸ್ತರಿಗೆ ಅದು ಪರಿಚಿತವಾಗಿತ್ತು ಎಂಬುದಷ್ಟು ಸ್ಪಷ್ಟ. ಅದನ್ನು ಮೊದಲು ಕೇಳಿದವರು ದಣಿದ ಜನ. ನಂಬಿಕೆಗಾಗಿ ಅವರ ಆಸ್ತಿ ಲೂಟಿಯಾಗಿತ್ತು, ಬಂಧುಗಳು ಸೆರೆಮನೆ ಸೇರಿದ್ದರು. ಕೆಲವರು ಸಭೆಗೆ ಬರುವುದನ್ನೇ ಬಿಟ್ಟಿದ್ದರು.

ಅವರಿಗೆ ಈ ಅಜ್ಞಾತ ಲೇಖಕ ಹೇಳಿದ: ನಿಮ್ಮ ಪರವಾಗಿ ಒಬ್ಬ ಮಹಾಯಾಜಕನಿದ್ದಾನೆ. ಏಸುವನ್ನು ನೇರವಾಗಿ ಮಹಾಯಾಜಕನೆಂದು ಕರೆಯುವುದು ಹೊಸ ಒಡಂಬಡಿಕೆಯಲ್ಲಿ ಈ ಪತ್ರಿಕೆ ಮಾತ್ರ.

ತಕ್ಷಣ ಎದುರಾಗುವ ತೊಡಕು ವಂಶದ್ದು. ಏಸು ಯೆಹೂದ ಕುಲದವನು; ಯಾಜಕರು ಲೇವಿ ಕುಲದವರು. ಬದುಕಿದ್ದಾಗ ಅವನು ತೆರೆಯೊಳಗಿರಲಿ, ಯಾಜಕರ ಅಂಗಳವನ್ನೂ ಹೊಗುವಂತಿರಲಿಲ್ಲ. ಲೇಖಕ ಇದನ್ನು ಮುಚ್ಚಿಡುವುದಿಲ್ಲ, ತಾನೇ ಎತ್ತಿ ಹೇಳುತ್ತಾನೆ. ನಂತರ ಆದಿಕಾಂಡದ ಹದಿನಾಲ್ಕನೆಯ ಅಧ್ಯಾಯಕ್ಕೆ ಹೋಗುತ್ತಾನೆ. ಯುದ್ಧ ಗೆದ್ದು ಬರುತ್ತಿದ್ದ ಅಬ್ರಹಾಮನನ್ನು ಸಾಲೇಮಿನ ಅರಸ ಮೆಲ್ಕಿಜೆದೇಕ ರೊಟ್ಟಿ, ದ್ರಾಕ್ಷಾರಸಗಳೊಂದಿಗೆ ಎದುರುಗೊಂಡು ಆಶೀರ್ವದಿಸುತ್ತಾನೆ. ಅಬ್ರಹಾಮ ಅವನಿಗೆ ದಶಮಾಂಶ ಕೊಡುತ್ತಾನೆ. ಅವನೂ ದೇವರ ಯಾಜಕ, ಆದರೆ ತಂದೆ ಯಾರು, ತಾಯಿ ಯಾರು ಎಂಬುದು ಅಲ್ಲಿಲ್ಲ. ಲೇವಿ ಹುಟ್ಟುವುದಕ್ಕೆ ಮೊದಲೇ, ಲೇವಿಯ ಮುತ್ತಾತನೇ ತಲೆಬಾಗಿದ ಯಾಜಕತ್ವ ಇದು. ನೂರ ಹತ್ತನೆಯ ಕೀರ್ತನೆಯಲ್ಲಿ ಈ ಕ್ರಮದ ನಿತ್ಯಯಾಜಕನ ಮಾತು ಬರುತ್ತದೆ. ಏಸು ಆ ಸಾಲಿನವನು, ಆರೋನನ ಸಾಲಿನವನಲ್ಲ ಎಂಬುದು ವಾದ.

ದಾಖಲೆಯಲ್ಲಿ ಇಲ್ಲದಿರುವುದನ್ನೇ ದಾಖಲೆಯಾಗಿ ಮಾಡಿಕೊಳ್ಳುವ ಈ ಕ್ರಮ, ವಿಜ್ಞಾನ ಓದಿ ಬಂದ ನನಗೆ ಮೊದಲು ಮುಜುಗರ ತಂದಿತು. ಆದರೆ ಅಂದಿನ ಯೆಹೂದ್ಯ ವ್ಯಾಖ್ಯಾನದಲ್ಲಿ ಅದು ಒಪ್ಪಿತವಾದ ರೀತಿ. ಲೇಖಕ ಒಂಟಿಯೂ ಅಲ್ಲ. 1956ರಲ್ಲಿ ಮೃತಸಮುದ್ರದ ಬಳಿ ಕುಮ್ರಾನಿನ ಹನ್ನೊಂದನೆಯ ಗವಿ ಪತ್ತೆಯಾಯಿತು. ಅಲ್ಲಿ ದೊರೆತು 1965ರಲ್ಲಿ ಪ್ರಕಟವಾದ ಚರ್ಮದ ಸುರುಳಿಯ ತುಣುಕುಗಳಲ್ಲಿ ಮೆಲ್ಕಿಜೆದೇಕನು ಪರಲೋಕದ ವಿಮೋಚಕನಾಗಿ, ಅಂತ್ಯಕಾಲದ ದೋಷಪರಿಹಾರದ ದಿನದಂದು ಜನರನ್ನು ಪಾಪದ ಸಾಲದಿಂದ ಬಿಡಿಸುವವನಾಗಿ ಬರುತ್ತಾನೆ. ಜೆರೂಸಲೇಮಿನ ಮಹಾಯಾಜಕರ ಬಗ್ಗೆ ಬೇಸತ್ತವರು ಕ್ರೈಸ್ತರಿಗಿಂತ ಮೊದಲೇ ಬೇರೊಬ್ಬ ಯಾಜಕನಿಗಾಗಿ ಆಕಾಶದತ್ತ ನೋಡುತ್ತಿದ್ದರೆಂಬುದಕ್ಕೆ ಇದು ಸಾಕ್ಷಿ.

ಆದರೆ ಪತ್ರಿಕೆಯ ನಿಜವಾದ ಬಲ ವಂಶದ ವಾದದಲ್ಲಿಲ್ಲವೆಂದು ನನಗನ್ನಿಸುತ್ತದೆ. ಮಹಾಯಾಜಕನ ಅರ್ಹತೆ ಯಾವುದು ಎಂಬ ಪ್ರಶ್ನೆಗೆ ಅದು ಕೊಡುವ ಉತ್ತರದಲ್ಲಿದೆ. ಪರರ ಪರವಾಗಿ ನಿಲ್ಲುವವನು ಅವರ ದುರ್ಬಲತೆಯನ್ನು ಒಳಗಿನಿಂದ ಬಲ್ಲವನಾಗಿರಬೇಕು. ಆರೋನನ ವಂಶದವನು ಅದನ್ನು ತನ್ನ ಪಾಪದಿಂದ ಬಲ್ಲ. ಆದ್ದರಿಂದಲೇ ಮೊದಲ ಹೋರಿ ಅವನಿಗಾಗಿ. ಏಸು ಅದನ್ನು ಶೋಧನೆಯಿಂದ, ಕಣ್ಣೀರಿನಿಂದ, ಸಾವಿನ ಭಯದಿಂದ ಬಲ್ಲ, ಆದರೆ ಪಾಪದಿಂದಲ್ಲ ಎನ್ನುತ್ತಾನೆ ಲೇಖಕ. ಹಾಗಾಗಿ ಅವನಿಗೆ ತನಗಾಗಿ ಬಲಿ ಬೇಕಿಲ್ಲ. ಉಳಿದ ಯಾಜಕರು ಪ್ರತಿದಿನ ನಿಂತೇ ಕೆಲಸ ಮಾಡುತ್ತಿದ್ದರು, ಏಕೆಂದರೆ ಅದು ಮುಗಿಯುವ ಕೆಲಸವಲ್ಲ; ಈತ ತನ್ನನ್ನೇ ಒಂದೇ ಸಲ ಅರ್ಪಿಸಿ ಕುಳಿತುಕೊಂಡ. ಅವರು ಒಳಹೋಗಿ ಬೇಗ ಹೊರಬರುತ್ತಿದ್ದರು. ಈತ ಒಳಗೇ ಉಳಿದು ನಿರಂತರವಾಗಿ ಬೇಡುತ್ತಿದ್ದಾನೆ. ದೋಷಪರಿಹಾರದ ಬಲಿಪಶುಗಳ ಒಡಲನ್ನು ಪಾಳೆಯದ ಹೊರಗೆ ಸುಡುತ್ತಿದ್ದರು. ಏಸುವೂ ಊರಬಾಗಿಲ ಹೊರಗೇ ಸತ್ತ. ಆಸ್ತಿ ಕಳೆದುಕೊಂಡು ಊರಿಗೆ ಹೊರಗಾದ ಆ ಕೇಳುಗರಿಗೆ ಈ ಕೊನೆಯ ಮಾತು ಹೇಗೆ ಕೇಳಿಸಿರಬೇಕು!

ಇತ್ತ ಜೆರೂಸಲೇಮಿನಲ್ಲಿ ಹುದ್ದೆಯ ಕೊನೆಯ ಅಂಕ ನಡೆಯುತ್ತಿತ್ತು. ರೋಮಿನ ವಿರುದ್ಧ ದಂಗೆಯೆದ್ದ ಉಗ್ರರು ಕ್ರಿ.ಶ. 67ರ ಸುಮಾರಿಗೆ ಚೀಟಿಯೆತ್ತಿ ಫನ್ನಿಯಸ್ ಎಂಬ ಹಳ್ಳಿಗನನ್ನು ಮಹಾಯಾಜಕನನ್ನಾಗಿ ಮಾಡಿದರು. ಮಹಾಯಾಜಕತ್ವವೆಂದರೇನೆಂದೇ ಅವನಿಗೆ ತಿಳಿದಿರಲಿಲ್ಲವೆಂದೂ, ನಾಟಕದವರು ವೇಷ ಹಾಕಿಸುವಂತೆ ಅವನಿಗೆ ಉಡುಪು ತೊಡಿಸಿ ಹೇಳಿಕೊಟ್ಟರೆಂದೂ ಜೋಸೆಫಸ್ ಬರೆಯುತ್ತಾನೆ. ಅವನ ಮಾತಿನಲ್ಲಿ ಮೇಲ್ಜಾತಿಯ ಯಾಜಕನ ತಿರಸ್ಕಾರವಿದೆ ಎಂಬುದನ್ನೂ ಮರೆಯುವಂತಿಲ್ಲ. ಜೋಸೆಫಸ್ ಸ್ವತಃ ಯಾಜಕರ ಮನೆತನದವನು. ಕ್ರಿ.ಶ. 70ರ ಆಗಸ್ಟಿನಲ್ಲಿ ಟೈಟಸನ ಸೈನ್ಯ ದೇವಾಲಯವನ್ನು ಸುಟ್ಟಿತು. ಅಲ್ಲಿಂದ ಒಯ್ದ ಏಳು ಕವಲಿನ ದೀಪಸ್ತಂಭವನ್ನು ಮೆರವಣಿಗೆಯಲ್ಲಿ ಹೊತ್ತ ಚಿತ್ರ ರೋಮಿನ ಟೈಟಸನ ಕಮಾನಿನ ಮೇಲೆ ಇಂದಿಗೂ ಇದೆ.

ಇನ್ನು ಪಾಪಿಗಳ ಪರವಾಗಿ ಯಾರು? ಈ ಪ್ರಶ್ನೆ ಯೆಹೂದ್ಯರನ್ನು ಕ್ರೈಸ್ತರಿಗಿಂತ ಹೆಚ್ಚಾಗಿ ಕಾಡಿತು. ದೇವಾಲಯದ ಅವಶೇಷವನ್ನು ನೋಡಿ ಅಳುತ್ತಿದ್ದ ಶಿಷ್ಯನಿಗೆ ಗುರು ಯೋಹಾನಾನ್ ಬೆನ್ ಜಕ್ಕಾಯ್, ದೋಷಪರಿಹಾರಕ್ಕೆ ಇನ್ನೊಂದು ದಾರಿ ಉಳಿದಿದೆ, ಅದು ದಯೆಯ ಕೆಲಸಗಳೆಂದು ಸಮಾಧಾನ ಹೇಳಿದನೆಂಬ ಕಥೆಯಿದೆ. ಇಂದಿಗೂ ದೋಷಪರಿಹಾರದ ದಿನ ಯೆಹೂದ್ಯರು ಉಪವಾಸವಿದ್ದು, ಮಹಾಯಾಜಕನ ಅಂದಿನ ಕೆಲಸವನ್ನು ಹಂತಹಂತವಾಗಿ ಪ್ರಾರ್ಥನಾಲಯದಲ್ಲಿ ನಿರೂಪಿಸುತ್ತಾರೆ. ಎಷ್ಟೋ ಕಡೆ ಆ ಘಟ್ಟದಲ್ಲಿ ನೆಲಕ್ಕೆ ಬೀಳುತ್ತಾರೆ. ಅವರ ದಾರಿ ಮುಗಿದುಹೋಯಿತೆಂದು ಈ ಪತ್ರಿಕೆಯನ್ನು ಮುಂದಿಟ್ಟುಕೊಂಡು ಸಾರಿದ ಕ್ರೈಸ್ತರು ಶತಮಾನಗಳ ಕಾಲ ಕಡಿಮೆಯಿರಲಿಲ್ಲ. ದಣಿದವರ ಸಮಾಧಾನಕ್ಕೆ ಬರೆದದ್ದನ್ನು ಹಾಗೆ ಬಳಸಿದ್ದು ಅನ್ಯಾಯವೇ ಸರಿ.

ಕ್ರೈಸ್ತರ ನಡುವೆಯೂ ಈ ಪತ್ರಿಕೆ ಜಗಳಕ್ಕೆ ಕಾರಣವಾಯಿತು. ಮಹಾಯಾಜಕ ಒಬ್ಬನೇ, ಬಲಿ ಒಂದೇ ಸಲ ಎಂದಮೇಲೆ ಇಗರ್ಜಿಯಲ್ಲಿ ಯಾಜಕರೇಕೆ ಎಂಬುದು ಪ್ರಶ್ನೆ. ನಂಬಿದವರೆಲ್ಲರೂ ಯಾಜಕರೇ ಎಂದು ಲೂಥರ್ 1520ರಲ್ಲಿ ವಾದಿಸಿದ. ಪೂಜೆಯಲ್ಲಿ ಅರ್ಪಿತವಾಗುವುದು ಆ ಒಂದೇ ಬಲಿ, ರೊಟ್ಟಿ ದ್ರಾಕ್ಷಾರಸಗಳನ್ನು ತಂದ ಮೆಲ್ಕಿಜೆದೇಕನ ಕ್ರಮದಲ್ಲಿ ಎಂದು ಕಥೋಲಿಕರ ಟ್ರೆಂಟ್ ಮಹಾಸಭೆ 1562ರಲ್ಲಿ ಉತ್ತರಿಸಿತು. ಆ ಚರ್ಚೆಗೆ ಇಲ್ಲಿ ಜಾಗವಿಲ್ಲ.

1990ರ ನವೆಂಬರಿನಲ್ಲಿ ಜೆರೂಸಲೇಮಿನ ದಕ್ಷಿಣಕ್ಕೆ ಕೆಲಸಗಾರರು ಅಗೆಯುತ್ತಿದ್ದಾಗ ಹಳೆಯ ಸಮಾಧಿಯೊಂದರ ಚಾವಣಿ ಕುಸಿಯಿತು. ಒಳಗೆ ಅಸ್ಥಿಗಳನ್ನಿಡುವ ಸುಣ್ಣಕಲ್ಲಿನ ಪೆಟ್ಟಿಗೆಗಳಿದ್ದವು. ಅವುಗಳಲ್ಲಿ ಒಂದು ಬಹಳ ಸುಂದರವಾದದ್ದು, ಮುಂಭಾಗದ ತುಂಬ ವೃತ್ತದೊಳಗೆ ಕೊರೆದ ಹೂಗಳು. ಆರು ಜನರ ಎಲುಬುಗಳಲ್ಲಿ ಸುಮಾರು ಅರವತ್ತು ವರ್ಷದ ಗಂಡಸಿನದೂ ಇತ್ತು. ಕಾಯಫನ ಪೂರ್ತಿ ಹೆಸರು ಜೋಸೆಫ್ ಎಂದು ಜೋಸೆಫಸ್ ಬರೆದಿದ್ದ. ಪೆಟ್ಟಿಗೆಯ ಮೇಲೂ ಕಾಯಫನ ಮಗ ಜೋಸೆಫ್ ಎಂದು ಓದಬಹುದಾದ ಅಕ್ಷರಗಳಿವೆ. ಏಸುವನ್ನು ವಿಚಾರಣೆ ಮಾಡಿದ ಕಾಯಫನೇ ಇವನೆಂದು ಅನೇಕ ವಿದ್ವಾಂಸರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಒಪ್ಪದವರು ತೋರಿಸುವ ಕಾರಣಗಳಲ್ಲಿ ಒಂದು ಇದು: ಹೆಸರನ್ನು ಮೊಳೆಯಂಥ ಚೂಪಾದ ಯಾವುದರಿಂದಲೋ ಪಕ್ಕದಲ್ಲಿ ಒರಟಾಗಿ ಗೀಚಲಾಗಿದೆ, ಮತ್ತು ಮಹಾಯಾಜಕ ಎಂಬ ಮಾತು ಆ ಪೆಟ್ಟಿಗೆಯ ಮೇಲೆ ಎಲ್ಲೂ ಇಲ್ಲ.