ಎಳೆಯ ಮೂಳೆಯ ಚರಿತ್ರೆ

ಗುರಪ್ಪನಪಾಳ್ಯ, ತಿಲಕನಗರ, ಬಿಟಿಎಂ ಲೇಔಟಿನ ಗಲ್ಲಿಗಳಲ್ಲಿ ಆಡುತ್ತಿದ್ದ ಮಗು ಬಿದ್ದು ಕೈ ಮುರಿದುಕೊಂಡರೆ ಮನೆಯ ಹಿರಿಯರ ಬಾಯಲ್ಲಿ ಇಂದಿಗೂ ಬರುವ ಮಾತು 'ಪುತ್ತೂರು ಕಟ್ಟು ಹಾಕಿಸಿ' ಎಂಬುದು. ಆಂಧ್ರದ ಪುತ್ತೂರಿನ ಹೆಸರು ಹೊತ್ತ ಬೋರ್ಡುಗಳು ಬೆಂಗಳೂರಿನಲ್ಲಿ ಅಪರೂಪವಲ್ಲ. ಅದೇ ಗಲ್ಲಿಗಳಿಗೆ ಹತ್ತಿರದಲ್ಲಿ, ಜಯನಗರದ ಅಂಚಿನ ಬೈರಸಂದ್ರದ ಬಳಿ, ಸರ್ಕಾರದ ಸಂಜಯ ಗಾಂಧಿ ಮೂಳೆಚಿಕಿತ್ಸಾ ಸಂಸ್ಥೆಯೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಇವೆ. ಕಟ್ಟಿನ ಅಂಗಡಿಗೂ ಈ ಆಸ್ಪತ್ರೆಗಳಿಗೂ ನಡುವೆ ಇರುವ ದೂರ ಆಟೋದಲ್ಲಿ ಕೆಲವೇ ನಿಮಿಷ. ಆದರೆ ವೈದ್ಯಶಾಸ್ತ್ರ ಈ ದೂರವನ್ನು ಕ್ರಮಿಸಲು ಶತಮಾನಗಳೇ ಹಿಡಿದವು.

ಮೂಳೆ ಕಟ್ಟುವವರನ್ನು ಹಗುರವಾಗಿ ಕಾಣಬೇಕಾಗಿಲ್ಲ. ಉರ್ದುವಿನಲ್ಲಿ ಶಸ್ತ್ರವೈದ್ಯನಿಗೆ 'ಜರ್ರಾಹ್' ಎನ್ನುತ್ತಾರೆ. ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕೊರ್ಡೋಬಾದ ಬಳಿ ಬಾಳಿದ ಅಲ್-ಝಹ್ರಾವಿ ತನ್ನ 'ಅಲ್-ತಸ್ರೀಫ್' ಎಂಬ 30 ಭಾಗಗಳ ಗ್ರಂಥದ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೆ ಮೀಸಲಿಟ್ಟ. ಅದರಲ್ಲಿ ಮೂಳೆ ಮುರಿತ ಮತ್ತು ಕೀಲು ತಪ್ಪುವುದಕ್ಕೆಂದೇ ಒಂದು ವಿಭಾಗವಿದೆ. 19ನೇ ಶತಮಾನದ ಲಿವರ್‌ಪೂಲಿನಲ್ಲಿ ವೈದ್ಯನಾಗಿದ್ದ ಹ್ಯೂ ಓವೆನ್ ಥಾಮಸ್ ಹುಟ್ಟಿದ್ದು ನಾಟಿ ಮೂಳೆವೈದ್ಯರ ಮನೆತನದಲ್ಲಿ. ಅವನ ತಂದೆ ಮಗನನ್ನು ವೈದ್ಯಕೀಯ ಓದಿಸಿದ. ಅವನು ರೂಪಿಸಿದ 'ಥಾಮಸ್ ಸ್ಪ್ಲಿಂಟ್' ಮೊದಲ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದ ಎಷ್ಟೋ ಸೈನಿಕರ ಜೀವ ಉಳಿಸಿತು. ಮನೆತನದ ಗುಟ್ಟಾಗಿದ್ದ ಕೈಚಳಕವನ್ನು ಬರೆದಿಟ್ಟು, ಪರೀಕ್ಷಿಸಿ, ಪರರಿಗೆ ಕಲಿಸಿದಾಗ ಅದು ಶಾಸ್ತ್ರವಾಯಿತು.

'ಆರ್ಥೋಪೆಡಿಕ್ಸ್' ಎಂಬ ಪದ ಹುಟ್ಟಿದ್ದೇ ಮಕ್ಕಳಿಗಾಗಿ ಎಂಬುದು ಹಲವರಿಗೆ ತಿಳಿದಿರಲಾರದು. 1741ರಲ್ಲಿ ಪ್ಯಾರಿಸಿನ ವೃದ್ಧ ಪ್ರಾಧ್ಯಾಪಕ ನಿಕೊಲಾ ಆಂಡ್ರಿ ಗ್ರೀಕಿನ 'ನೇರ' ಮತ್ತು 'ಮಗು' ಎಂಬ ಅರ್ಥದ ಎರಡು ಪದಗಳನ್ನು ಸೇರಿಸಿ ಅದನ್ನು ಕಟ್ಟಿದ. ಅವನ ಪುಸ್ತಕದಲ್ಲಿದ್ದ, ಕಂಬಕ್ಕೆ ಹಗ್ಗದಿಂದ ಕಟ್ಟಿದ ಸೊಟ್ಟ ಗಿಡದ ಚಿತ್ರ ಇಂದಿಗೂ ಜಗತ್ತಿನ ಮೂಳೆವೈದ್ಯರ ಲಾಂಛನ.

ಮಗುವಿನ ಮೂಳೆ ದೊಡ್ಡವರ ಮೂಳೆಯ ಚಿಕ್ಕ ನಕಲಲ್ಲ. ಉದ್ದ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಒಂದು ತೆಳು ಪದರವಿರುತ್ತದೆ. ಮಗು ಎತ್ತರವಾಗುವುದು ಅಲ್ಲಿಂದ. ತೊಡೆಮೂಳೆಯ ಬೆಳವಣಿಗೆಯಲ್ಲಿ ಶೇಕಡ 70ರಷ್ಟು ಮೊಣಕಾಲಿನ ಬಳಿಯ ಪದರದಿಂದಲೇ ಆಗುತ್ತದೆ. ಅದಕ್ಕೆ ಪೆಟ್ಟಾದರೆ ಕಾಲು ಗಿಡ್ಡವಾಗಬಹುದು, ಸೊಟ್ಟಗಾಗಬಹುದು. ಟೊರೊಂಟೊದ ಸಾಲ್ಟರ್ ಮತ್ತು ಹ್ಯಾರಿಸ್ ಈ ಪೆಟ್ಟುಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದು 1963ರಲ್ಲಿ. ಇನ್ನೊಂದು ಅಪಾಯವನ್ನು ಜರ್ಮನಿಯ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದ. ಮೊಣಕೈ ಮುರಿದ ಮಗುವಿಗೆ ಕಟ್ಟು ಬಿಗಿಯಾದರೆ ರಕ್ತಸಂಚಾರ ನಿಂತು ಸ್ನಾಯುಗಳು ಸತ್ತು, ಬೆರಳುಗಳು ಶಾಶ್ವತವಾಗಿ ಮುದುಡಿಕೊಳ್ಳುತ್ತವೆ. ಇದು ಗಂಟೆಗಳ ಲೆಕ್ಕದ ಮಾತು. ಬೆರಳು ಬಾತು, ತಣ್ಣಗಾಗಿ, ಜುಮುಗುಟ್ಟಿ, ಮಗು ತಡೆಯಲಾರದೆ ಅಳುತ್ತಿದ್ದರೆ ಕಟ್ಟು ಯಾರೇ ಹಾಕಿರಲಿ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ದೇಶದಲ್ಲಿ ಮಕ್ಕಳ ಮೂಳೆವೈದ್ಯರಿಗೆ ಪೋಲಿಯೊ ದೊಡ್ಡ ಪಾಠಶಾಲೆಯಾಗಿತ್ತು. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಾಲತಿ ಹೊಳ್ಳ ಇನ್ನೂ ಕೂಸಾಗಿದ್ದಾಗಲೇ ಪೋಲಿಯೊಗೆ ತುತ್ತಾದರು. ಬಾಲ್ಯದ ಬಹುಭಾಗವನ್ನು ಚೆನ್ನೈನ ಮೂಳೆಚಿಕಿತ್ಸಾ ಕೇಂದ್ರದಲ್ಲಿ ಕಳೆದರು. 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಕಂಡ ಆ ದೇಹ ಅಂತಾರಾಷ್ಟ್ರೀಯ ಪದಕಗಳನ್ನು ಗೆದ್ದಿತು. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ಮಗುವಿನ ಶಸ್ತ್ರಚಿಕಿತ್ಸೆಗೂ ಕ್ರೀಡೆಗೂ ಏನು ಸಂಬಂಧ ಎಂದು ಕೇಳುವವರಿಗೆ ಈ ಬದುಕೇ ಉತ್ತರ. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರಲ್ಲಿ ದೇಶ ಪೋಲಿಯೊಮುಕ್ತವೆಂದು ಘೋಷಿತವಾಯಿತು.

ಕರ್ನಾಟಕದಲ್ಲಿ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಪ್ರಮುಖರು. ಮಕ್ಕಳ ಸೊಂಟದ ಕೀಲನ್ನು ಕೆಡಿಸುವ ಪರ್ತೆಸ್ ಕಾಯಿಲೆ ನಮ್ಮ ಕರಾವಳಿಯ ಮಕ್ಕಳಲ್ಲಿ ಹೆಚ್ಚೆಂಬುದನ್ನು ಅವರೂ ಸಹೋದ್ಯೋಗಿಗಳೂ 1980ರ ದಶಕದಲ್ಲಿ ಜಗತ್ತಿಗೆ ತೋರಿಸಿದರು. ಉಡುಪಿಯ ಹಳ್ಳಿಗಳ ಮಕ್ಕಳನ್ನು ನೋಡಿ ಕಲಿತದ್ದು ವಿದೇಶದ ವೈದ್ಯರಿಗೂ ಪಾಠವಾಯಿತು. 1994ರಲ್ಲಿ ಭಾರತದ ಮಕ್ಕಳ ಮೂಳೆವೈದ್ಯರ ಸಂಘ ಹುಟ್ಟಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಜಯನಗರ 4ನೇ 'ಟಿ' ಬ್ಲಾಕ್ ರಾಜ್ಯದ ವೈದ್ಯಶಿಕ್ಷಣದ ವಿಳಾಸವಾಯಿತು.

ಈಗ ಸವಾಲು ಬೇರೆ. ಜೆಪಿ ನಗರ, ಬನಶಂಕರಿಯ ಮಕ್ಕಳು ಹತ್ತು ವರ್ಷಕ್ಕೇ ಬ್ಯಾಡ್ಮಿಂಟನ್, ಕ್ರಿಕೆಟ್ ಕೋಚಿಂಗಿಗೆ ಹೋಗುತ್ತಾರೆ. ಮೊಣಕಾಲಿನ ಒಳಗಿನ ಎಸಿಎಲ್ ಅಸ್ಥಿರಜ್ಜು ಹರಿದರೆ ದೊಡ್ಡವರಲ್ಲಿ ಮೂಳೆಗೆ ರಂಧ್ರ ಕೊರೆದು ಹೊಸದನ್ನು ಕೂಡಿಸುತ್ತಾರೆ. ಮಗುವಿನಲ್ಲಿ ಆ ರಂಧ್ರ ಬೆಳವಣಿಗೆಯ ಪದರವನ್ನೇ ತೂರಬಹುದು. ಹಿಂದೆ ಮಗು ಬೆಳೆದು ಮುಗಿಯಲೆಂದು ಕಾಯುತ್ತಿದ್ದರು. ಕಾದರೆ ಮೊಣಕಾಲಿನ ಒಳಗಿನ ಮೆತ್ತೆ ಹರಿಯುತ್ತದೆಂದು ತಿಳಿದ ಮೇಲೆ ಪದರವನ್ನು ಉಳಿಸುವ ವಿಧಾನಗಳು ಬಂದವು. ಅಮೆರಿಕದ ಬೋಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ಆಟಗಾರ ಮಕ್ಕಳಿಗೆಂದೇ ಕ್ಲಿನಿಕ್ ತೆರೆದದ್ದು 1974ರಲ್ಲಿ.

ಇದನ್ನೆಲ್ಲ ಕಲಿಸುವವರು ಬೇಕು. ಎಂಬಿಬಿಎಸ್ ನಂತರ 3 ವರ್ಷ ಎಂಎಸ್, ಒಂದು ವರ್ಷ ಸೀನಿಯರ್ ರೆಸಿಡೆಂಟ್, ಸಹಾಯಕ ಪ್ರಾಧ್ಯಾಪಕರಾಗಿ ಕನಿಷ್ಠ 4, ಸಹ ಪ್ರಾಧ್ಯಾಪಕರಾಗಿ 3 ವರ್ಷ ಕಳೆದ ಮೇಲೆ ಪ್ರಾಧ್ಯಾಪಕ ಹುದ್ದೆ. ಅದೂ ಸಂಶೋಧನಾ ಲೇಖನಗಳಿದ್ದರೆ. ಅಷ್ಟು ತಾಳ್ಮೆಯ ಫಲ ಏನೆಂಬುದಕ್ಕೆ ಇಗ್ನಾಸಿಯೊ ಪೊನ್ಸೆಟಿ ಸಾಕ್ಷಿ. ಸ್ಪೇನಿನ ಅಂತರ್ಯುದ್ಧದಿಂದ ನಿರಾಶ್ರಿತನಾಗಿ ಅಮೆರಿಕದ ಅಯೋವಾ ಸೇರಿದ ಆತ, ಹುಟ್ಟಿನಿಂದಲೇ ತಿರುಚಿದ ಪಾದವನ್ನು ವಾರವಾರ ಪ್ಲಾಸ್ಟರ್ ಹಾಕಿ ನೇರಗೊಳಿಸುವ ವಿಧಾನವನ್ನು 1963ರಲ್ಲೇ ಪ್ರಕಟಿಸಿದ. ಲೋಕ ಅದನ್ನು ಒಪ್ಪಿದ್ದು ಆತ ನಿವೃತ್ತನಾದ ಎಷ್ಟೋ ವರ್ಷಗಳ ಮೇಲೆ. ಅಲ್ಲಿಯವರೆಗೆ ಬೇರೆಡೆ ಅದೆಷ್ಟು ಪಾದಗಳು ವೃಥಾ ಕತ್ತರಿಗೆ ಒಳಗಾದವೋ!

ಕಟ್ಟು ಹಾಕುವವನ ಬಳಿ ಬಡವ ಹೋಗುವುದು ಮೂಢತನದಿಂದ ಮಾತ್ರವಲ್ಲ. ಅಲ್ಲಿ ಖರ್ಚು ಕಡಿಮೆ, ಸರದಿ ಚಿಕ್ಕದು, ಮಾತು ನಮ್ಮದೇ. ಸರ್ಕಾರಿ ಆಸ್ಪತ್ರೆಯಲ್ಲಿ ಕಲಿಸುವ ವೈದ್ಯನೊಬ್ಬ ಉಳಿದರೆ ಅವನ ಹಿಂದೆ ಹತ್ತಾರು ಶಿಷ್ಯರು ತಾಲ್ಲೂಕುಗಳಿಗೆ ಹೋಗುತ್ತಾರೆ. ಅವನೇ ಹೊರಟುಹೋದರೆ ವಿದ್ಯೆ ಮತ್ತೆ ಹಣವಿದ್ದವರ ಮನೆಯ ಗುಟ್ಟಾಗುತ್ತದೆ. ನಾಳೆ ನಮ್ಮ ಗಲ್ಲಿಯ ಹುಡುಗಿಯೊಬ್ಬಳು ಓಡುವಳೋ ಕುಂಟುವಳೋ ಎಂಬುದು ಈ ಹುದ್ದೆಗಳು ಭರ್ತಿಯಾಗುವುದರ ಮೇಲೂ ನಿಂತಿದೆ.